ಎಷ್ಟು ಟನ್ ಜಗ್ಗತೈತಿ?

ದಸರಾ ಮುಗಿದು ದೀಪಾವಳಿ ಇನ್ನೂ ಬಾರದ ದಿನಗಳಲ್ಲಿ ಬೈಲಹೊಂಗಲದ ಗ್ಯಾರೇಜುಗಳ ಮುಂದೆ ಹಾಯ್ದು ಹೋದರೆ ಟ್ರ್ಯಾಕ್ಟರುಗಳು ಎರಡೆರಡು ತುಂಡಾಗಿ ನಿಂತಿರುವುದು ಕಾಣುತ್ತದೆ. ಸಣ್ಣ ಗಾಲಿ, ರೇಡಿಯೇಟರು ಒಂದು ಕಡೆ. ದೊಡ್ಡ ಗಾಲಿ, ಸೀಟು, ಗೇರ್‌ಬಾಕ್ಸು ಇನ್ನೊಂದು ಕಡೆ. ನಡುವೆ ಜಾಕು, ಮರದ ದಿಮ್ಮಿ, ಡೀಸೆಲ್ ತುಂಬಿದ ಬೋಗುಣಿಯಲ್ಲಿ ನೆನೆಹಾಕಿದ ನಟ್ಟು-ಬೋಲ್ಟು. ಲಾರಿಗಾದರೆ ಚಾಸಿ ಇರುತ್ತದೆ. ಇಂಜಿನ್ ಎತ್ತಿ ಕೆಳಗಿಟ್ಟರೂ ಲಾರಿ ಲಾರಿಯಾಗಿಯೇ ನಿಂತಿರುತ್ತದೆ. ಟ್ರ್ಯಾಕ್ಟರಿಗೆ ಆ ಭಾಗ್ಯವಿಲ್ಲ. ಮುಂದಿನ ಅಚ್ಚು ಇಂಜಿನ್ನಿಗೆ ಬೋಲ್ಟಾಗಿರುತ್ತದೆ, ಇಂಜಿನ್ ಗೇರ್‌ಬಾಕ್ಸಿಗೆ, ಗೇರ್‌ಬಾಕ್ಸು ಹಿಂದಿನ ಹೌಸಿಂಗಿಗೆ. ನಡುವಿನದನ್ನು ತೆಗೆದರೆ ಎರಡೂ ಕಡೆಯವು ನೆಲ ನೋಡುತ್ತವೆ. ಆದ್ದರಿಂದ ‘ಇಂಜಿನ್ ಬದಲಿಸೋಣ’ ಅನ್ನುವುದು ಬಾಯಿಗೆ ಎಷ್ಟು ಹಗುರವೋ ಕೈಗೆ ಅಷ್ಟು ಹಗುರವಲ್ಲ.

ಈ ತುಂಡುಗಳೆಲ್ಲ ನವೆಂಬರಿನೊಳಗೆ ಒಂದಾಗಬೇಕು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಬೈಲಹೊಂಗಲದ ಸೋಮೇಶ್ವರ, ಮುನವಳ್ಳಿಯ ರೇಣುಕಾ ಎಂದು ಸುತ್ತಲಿನ ಕಾರ್ಖಾನೆಗಳು ಕಬ್ಬು ಕೇಳುವ ಕಾಲ ಅದು. ಒಮ್ಮೆ ಹಂಗಾಮು ಶುರುವಾಯಿತೆಂದರೆ ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ರಸ್ತೆಯಲ್ಲಿ ನಿಂತರೂ ಎರಡು ಡಬ್ಬಿ, ಅಂದರೆ ಟ್ರೇಲರು, ಕಟ್ಟಿಕೊಂಡ ಟ್ರ್ಯಾಕ್ಟರೊಂದು ಮುಂದೆ ಸಿಕ್ಕೇ ಸಿಗುತ್ತದೆ. ಬಸ್ಸಿನವರು ಶಪಿಸುತ್ತಾರೆ, ಬೈಕಿನವರು ಎರಡೂ ಕಡೆಯಿಂದ ತೂರುತ್ತಾರೆ, ಸಾಲಿ ಹುಡುಗರು ಹಿಂದಿನಿಂದ ಓಡಿ ಒಂದು ಗಣಿಕೆ ಹಿರಿಯುತ್ತಾರೆ. ಡ್ರೈವರ್ ಮಾತ್ರ ಹಿಂದೆ ತಿರುಗಿ ನೋಡುವುದಿಲ್ಲ. ಅವನ ಲಕ್ಷ್ಯವೆಲ್ಲ ಮುಂದಿನ ಏರಿನ ಮೇಲೆ.

ಈ ಸುಗ್ಗಿಯಲ್ಲಿ ಹಳೆಯ ಟ್ರ್ಯಾಕ್ಟರ್ ಇದ್ದವನ ಆರೋಗ್ಯವನ್ನು ಯಾರೂ ವಿಚಾರಿಸುವುದಿಲ್ಲ. ಕೇಳುವುದು ಒಂದೇ ಮಾತು: “ಎಷ್ಟು ಟನ್ ಜಗ್ಗತೈತಿ?”

ನಮ್ಮನೆಯದು ಮ್ಯಾಸಿ ಫರ್ಗ್ಯೂಸನ್ 1035. ಅಪ್ಪ ಬ್ಯಾಂಕಿನ ಸಾಲ ಮಾಡಿ ತಂದದ್ದು. ಸಾಲ ತೀರಿ, ಅಪ್ಪನೂ ತೀರಿಹೋಗಿ, ಟ್ರ್ಯಾಕ್ಟರ್ ಮಾತ್ರ ಉಳಿದಿದೆ. ಮೂರು ಸಿಲಿಂಡರಿನ, 36 ಎಚ್‌ಪಿಯ ಸಾಧಾರಣ ಗಾಡಿ. ಅದರ ಇಂಜಿನ್ ಚೆನ್ನೈನ ಸಿಂಪ್ಸನ್ ಕಂಪನಿಯದು. ಆ ಸಿಂಪ್ಸನ್ ಶುರುವಾದದ್ದು 1840ರಲ್ಲಿ, ಮದರಾಸಿನ ದೊರೆಗಳಿಗೆ ಕುದುರೆಗಾಡಿ ಕಟ್ಟಿಕೊಡುವುದಕ್ಕೆ. ಮುಂದೆ ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಡೀಸೆಲ್ ಇಂಜಿನ್ನುಗಳನ್ನು ಇಲ್ಲಿಯೇ ಮಾಡತೊಡಗಿತು. ಪರ್ಕಿನ್ಸ್‌ನ ಆ ಮೂರು ಸಿಲಿಂಡರಿನ ನಕ್ಷೆ 1950ರ ದಶಕದ್ದು. ಅಷ್ಟು ಹಳೆಯ ನಕ್ಷೆಯ ಇಂಜಿನ್ನಿಗೆ ಇವತ್ತೂ ಬೈಲಹೊಂಗಲದ ಅಂಗಡಿಯಲ್ಲಿ ಲೈನರ್, ಪಿಸ್ಟನ್, ರಿಂಗು ಕೇಳಿದ ತಕ್ಷಣ ಸಿಗುತ್ತವೆ. ನನ್ನ ಐದು ವರ್ಷದ ಫೋನಿಗೆ ಬ್ಯಾಟರಿ ಸಿಗುವುದಿಲ್ಲ.

ಹೊಲಮನೆ ನೋಡಿಕೊಳ್ಳುವವನು ಕಾಕಾನ ಮಗ, ನನಗಿಂತ ಚಿಕ್ಕವನು. ಬಿತ್ತನೆ, ಹರಗುವುದು, ಊರೊಳಗಿನ ಮಣ್ಣು-ಗೊಬ್ಬರದ ಬಾಡಿಗೆ, ಇಷ್ಟರಲ್ಲೇ 1035 ಸುಖವಾಗಿತ್ತು. ಈ ಹಂಗಾಮಿಗೆ ಅವನು ಕಬ್ಬು ಸಾಗಿಸುವ ಕರಾರು ಹಿಡಿದ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಾಯಿತು. ಮುಂಗಡ ಅನ್ನುವುದು ಸಣ್ಣ ಮಾತಲ್ಲ. ಅದನ್ನು ಕೊಟ್ಟವನಿಗೆ ರಾತ್ರಿ ನಿದ್ದೆ ಇಲ್ಲ, ಗ್ಯಾಂಗು ಬಂದು ಜೋಪಡಿ ಹಾಕುವ ತನಕ. ಬಾಡಿಗೆ ಬರುವುದು ಟನ್ನಿನ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ. ಎಷ್ಟು ಖೇಪು ಹೊಡೆದರೆ ಅಷ್ಟು. ಹೀಗಾಗಿ ಅವನ ಕಣ್ಣು ನೇರ ಇಂಜಿನ್ನಿನ ಮೇಲೆ ಬಿತ್ತು. “ಅಣ್ಣಾ, ಗಾಡಿ ಎಲ್ಲಾ ಛೊಲೊ ಐತಿ. ಏರಿನ್ಯಾಗ ಅಷ್ಟ ಜೀವಾ ಬಿಡತೈತಿ. ಇಂಜಿನ್ ಒಂದ ದೊಡ್ಡದ ಹಾಕಿದ್ರ ಮುಗೀತು.”

ಚಹದಂಗಡಿಯಲ್ಲಿ ಈ ಮಾತು ಬಿದ್ದದ್ದೇ ತಡ, ಸಲಹೆಗಳಿಗೆ ಬರಗಾಲವಿಲ್ಲ. ಒಬ್ಬ ಪಂಪ್ ಏರಿಸು ಅಂದ. ಡೀಸೆಲ್ ಪಂಪಿನ ಸ್ಕ್ರೂ ತಿರುವಿದರೆ ಖರ್ಚಿಲ್ಲದೆ ನಾಲ್ಕು ಎಚ್‌ಪಿ ಬರುತ್ತದಂತೆ. ಇನ್ನೊಬ್ಬ ಟರ್ಬೊ ಕೂರಿಸು ಅಂದ. ಪಂಜಾಬ್-ಹರಿಯಾಣದಲ್ಲಿ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರ್ ಕಟ್ಟಿ ಎಳೆದಾಡಿಸುವ ಪಂದ್ಯ ನಡೆಯುತ್ತದಲ್ಲ, ಅದರ ವಿಡಿಯೋ ಅವನ ಮೊಬೈಲಿನಲ್ಲಿತ್ತು, ಹೊಗೆಯೇ ಹೊಗೆ. ಮೂರನೆಯವನಿಗೆ ಗುಜರಿಯಲ್ಲಿ ಒಂದು 241ರ ಇಂಜಿನ್ ಗೊತ್ತಿತ್ತು: ಅದೂ ಮ್ಯಾಸಿಯೇ, ಅದೂ ಮೂರು ಸಿಲಿಂಡರೇ, ಆದರೆ 42 ಎಚ್‌ಪಿ. ನಾಲ್ಕನೆಯವನು ಹಳೆಯ ಗಾಡಿ ಮಾರಿ 50 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ತಗೋ ಅಂದ. ಮಾರಾಟದ ದಲ್ಲಾಳಿ ಅವನೇ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ.

ನಾನು ಸಾಲಿ ಕಲಿಸುವವನು. ಕೈಗೆ ಗ್ರೀಸ್ ಹತ್ತಿಸಿಕೊಳ್ಳದೆ ಮಾಡಬಹುದಾದ ಕೆಲಸವೆಂದರೆ ಲೆಕ್ಕ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನೇ ಮಾಡಿದೆ.

ಟ್ರ್ಯಾಕ್ಟರು, ಒಂದು ಡಬ್ಬಿ, ಅದರೊಳಗಿನ ಕಬ್ಬು ಎಲ್ಲ ಕೂಡಿ 14 ಟನ್ ಅನ್ನೋಣ. ಸಪಾಟಾದ ಡಾಂಬರು ರಸ್ತೆಯಲ್ಲಿ ಗಾಲಿಯ ಮೇಲಿನ ಭಾರವನ್ನು ಉರುಳಿಸಿಕೊಂಡು ಹೋಗಲು ಆ ಭಾರದ ನೂರಕ್ಕೆ ಎರಡು ಪಾಲಿನಷ್ಟು ಜಗ್ಗಿದರೆ ಸಾಕು. ಅಂದರೆ 280 ಕಿಲೋ. ಇದಕ್ಕೆ ಯಾವ ಮುದಿ ಇಂಜಿನ್ನೂ ಅಳುವುದಿಲ್ಲ. ಈಗ 20 ಅಡಿಗೆ ಒಂದು ಅಡಿ ಏರುವ ದಾರಿ ಬಂತು. ಭಾರದ ಇಪ್ಪತ್ತನೇ ಒಂದು ಪಾಲು, 700 ಕಿಲೋ, ಹಿಂದಕ್ಕೆ ಎಳೆಯುತ್ತದೆ. ಎರಡೂ ಕೂಡಿ 980. ಇಂಜಿನ್ನಿನ 36 ಎಚ್‌ಪಿಯಲ್ಲಿ ಗೇರು, ಕ್ರೌನು, ಟೈರು ನುಂಗಿ ಉಳಿಯುವುದು 27 ಅನ್ನಿ. ಆ 27 ಎಚ್‌ಪಿಗೆ ಈ 980 ಕಿಲೋ ಜಗ್ಗುವುದು ಸಾಧ್ಯವೇ ಎಂದರೆ, ಧಾರಾಳವಾಗಿ ಸಾಧ್ಯ. ಗಂಟೆಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ. 50 ಎಚ್‌ಪಿಯ ಇಂಜಿನ್ ಹಾಕಿದರೆ ಅದೇ ಏರನ್ನು ಹತ್ತೂವರೆ ಕಿಲೋಮೀಟರ್ ವೇಗದಲ್ಲಿ ಹತ್ತಬಹುದು. ಒಂದು ಕಿಲೋಮೀಟರ್ ಉದ್ದದ ಏರಿಗೆ ಹಳೆಯದು 8 ನಿಮಿಷ ತಗೊಂಡರೆ ದೊಡ್ಡದು 6 ನಿಮಿಷ ತಗೊಳ್ಳುತ್ತದೆ.

ಎರಡು ನಿಮಿಷ! ಅದನ್ನು ಉಳಿಸಿಕೊಂಡು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಪಾಳಿಯಲ್ಲಿ ನಿಲ್ಲಬೇಕು. ಆ ಪಾಳಿ ಒಮ್ಮೊಮ್ಮೆ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೂ ಕರಗುವುದಿಲ್ಲ. ಟ್ರ್ಯಾಕ್ಟರಿನ ಕೆಳಗೇ ಹಾಸಿಕೊಂಡು ಮಲಗುತ್ತಾರೆ, ಕಲ್ಲು ಹೂಡಿ ಅನ್ನ ಬೇಯಿಸುತ್ತಾರೆ, ಇಸ್ಪೀಟು ಆಡುತ್ತಾರೆ. ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ. ಕಾಟಾದ ಮೇಲೆ ಹತ್ತುವ ಹೊತ್ತಿಗೆ ಆ ಎರಡು ನಿಮಿಷ ಯಾರ ನೆನಪಿನಲ್ಲೂ ಇರುವುದಿಲ್ಲ.

ಎಚ್‌ಪಿ ಕೊಡುವುದು ಅವಸರವನ್ನು. ಜಗ್ಗುವ ಬಲ ಬರುವುದು ಸಣ್ಣ ಗೇರಿನಿಂದ, ಹಿಂದಿನ ಗಾಲಿಯ ಮೇಲೆ ಕೂತ ತೂಕದಿಂದ, ಆ ಗಾಲಿ ನೆಲವನ್ನು ಹಿಡಿಯುವುದರಿಂದ. ಇದು ನಮ್ಮ ಜನಕ್ಕೆ ಗೊತ್ತಿಲ್ಲದ ಮಾತೇನಲ್ಲ. ಜಾತ್ರೆಯಲ್ಲಿ ಭಾರದ ಕಲ್ಲು ಜಗ್ಗುವ ಪಂದ್ಯಕ್ಕೆ ಓಟದ ಹೋರಿಯನ್ನು ಯಾರೂ ಕಟ್ಟುವುದಿಲ್ಲ. ಮೈತೂಕದ, ಗೊರಸು ಊರಿ ನಿಲ್ಲುವ ಎತ್ತನ್ನೇ ಹುಡುಕುತ್ತಾರೆ. ಎತ್ತಿನ ವಿಷಯದಲ್ಲಿ ಇಷ್ಟು ಚೆನ್ನಾಗಿ ತಿಳಿದ ಮಂದಿ ಟ್ರ್ಯಾಕ್ಟರಿನ ಹತ್ತಿರ ಬಂದೊಡನೆ ಬಾನೆಟ್ಟಿನ ಮೇಲೆ ಬರೆದ ಅಂಕಿಗೆ ಯಾಕೆ ಮರುಳಾಗುತ್ತಾರೋ.

ಎರಿ ಹೊಲದೊಳಗೆ ಇಳಿದರೆ ಇದು ಇನ್ನೂ ಸ್ಪಷ್ಟ. ಮಲಪ್ರಭೆಯ ದಂಡೆಯ ಕರಿ ಮಣ್ಣು ಸ್ವಲ್ಪ ಹಸಿ ಇದ್ದರೂ ಸಾಕು, ತುಂಬಿದ ಡಬ್ಬಿಯ ಗಾಲಿ ಗೇಣು ಇಳಿಯುತ್ತದೆ. ಅಲ್ಲಿ ಬೇಕಾಗುವ ಎಳೆತ ನೂರಕ್ಕೆ ಎರಡಲ್ಲ, ಹತ್ತು, ಹದಿನೈದು. ಹನ್ನೆರಡು ಟನ್ನಿನ ತುಂಬಿದ ಡಬ್ಬಿಗೆ ಸಾವಿರದ ಇನ್ನೂರು ಕಿಲೋಕ್ಕೂ ಮೇಲೆ. ಎರಡು ಟನ್ನೂ ತೂಗದ ನಮ್ಮ 1035 ಹಸಿ ಮಣ್ಣಿನಲ್ಲಿ ತನ್ನ ತೂಕದ ಅರ್ಧದಷ್ಟು ಜಗ್ಗಿದರೆ ಅದೇ ಹೆಚ್ಚು. ಇಂಜಿನ್ನಿಗೆ ದಮ್ಮು ಇರುತ್ತದೆ, ಗಾಲಿ ಮಾತ್ರ ನಿಂತಲ್ಲೇ ತಿರುಗಿ ಹೊಂಡ ತೋಡುತ್ತದೆ. ಇಲ್ಲವೇ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಅಲ್ಲಿ 36ರ ಬದಲು 50 ಇದ್ದರೆ ಹೊಂಡ ಬೇಗ ಬೀಳುತ್ತದೆ, ಅಷ್ಟೇ. ಅದಕ್ಕೇ ಹೊಲದಿಂದ ರಸ್ತೆಗೆ ಹತ್ತಿಸುವಾಗ ಮುಂದೊಂದು ಟ್ರ್ಯಾಕ್ಟರ್ ಕಟ್ಟಿ ಜೋಡಿಯಲ್ಲಿ ಎಳೆಯುವುದು. ದೊಡ್ಡ ಇಂಜಿನ್ನಿಗಿಂತ ನೆರೆಹೊಲದವನ ಜೊತೆ ಮಾತುಕತೆ ಚೆನ್ನಾಗಿರುವುದು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಲೆಕ್ಕವನ್ನು ತಮ್ಮನಿಗೆ ತೋರಿಸಿದೆ. ಅವನು ಕ್ಯಾಲೆಂಡರನ್ನು ತಿರುವಿ ಮುಂಬದಿಯ ಎಲ್ಲಮ್ಮನ ಚಿತ್ರಕ್ಕೆ ಕೈಮುಗಿದು, “ಮಿಸ್ತ್ರಿ ಏನಂತಾನ ಕೇಳೂಣು ನಡಿ” ಅಂದ.

ಮಿಸ್ತ್ರಿ ವಯಸ್ಸಾದವರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದಾರೆ. ಗಾಡಿಯನ್ನು ಶುರು ಮಾಡಿಸಿದರು. ಏನೂ ಮುಟ್ಟಲಿಲ್ಲ, ಸುಮ್ಮನೆ ನಿಂತು ಕೇಳಿದರು. ಆಮೇಲೆ ಇಂಜಿನ್ನಿನ ಉಸಿರುನಳಿಗೆಯ ಮುಂದೆ ಅಂಗೈ ಹಿಡಿದರು. ಅಲ್ಲಿಂದ ಬಿಸಿ ಹೊಗೆ ಭುಸುಭುಸು ಬರುತ್ತಿತ್ತು, ಅಂಗೈ ಎಣ್ಣೆಯಿಂದ ಮಿರುಗಿತು. ಪಿಸ್ಟನ್ನಿನ ಮೇಲೆ ಒತ್ತಬೇಕಾದ ಗಾಳಿ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. “ಸರ, ಇದರ ಶಕ್ತಿ ಕಡಿಮಿ ಅಲ್ರಿ, ಸೋರಿ ಹೋಗಾಕತ್ತೈತಿ. ಇದ್ದದ್ದನ್ನ ಮೊದಲ ತಿರುಗಿ ತರೂಣು. ದೊಡ್ಡದರ ಮಾತು ಆಮ್ಯಾಲೆ.”

ರೇಡಿಯೇಟರಿನ ಜಾಳಿಗೆ ಬ್ಯಾಟರಿ ಹಿಡಿದು ನೋಡಿದರೆ ಅರ್ಧಕ್ಕರ್ಧ ಕಬ್ಬಿನ ರವದಿಯ ಚೂರು, ಧೂಳು, ಎಣ್ಣೆ ಸೇರಿ ಗಾರೆ ಬಳಿದಂತಾಗಿತ್ತು. ಗಾಳಿ ಸೋಸುವ ಎಣ್ಣೆಯ ಬಟ್ಟಲಿನಲ್ಲಿ ಎಣ್ಣೆಗಿಂತ ಕರಿ ಮಣ್ಣೇ ಹೆಚ್ಚು. ಹೆಡ್ ಬಿಚ್ಚಿದ ಮೇಲೆ ಮಿಸ್ತ್ರಿ ನನ್ನ ಕೈ ಹಿಡಿದು ಲೈನರಿನ ಮೇಲ್ತುದಿಯಲ್ಲಿ ಉಗುರು ಆಡಿಸಲು ಹೇಳಿದರು. ರಿಂಗು ಎಲ್ಲಿಯವರೆಗೆ ಬಂದು ತಿರುಗಿ ಹೋಗುತ್ತದೋ ಅಲ್ಲಿ ಸವೆದು, ಅದರ ಮೇಲಿನದು ಸವೆಯದೆ ಉಳಿದು, ನಡುವೆ ಒಂದು ಏಣು ಎದ್ದಿತ್ತು. ಉಗುರು ಸ್ಪಷ್ಟವಾಗಿ ತಡೆಯಿತು. ಕ್ರ್ಯಾಂಕಿನ ಬೇರಿಂಗುಗಳಲ್ಲಿ ಮೇಲಿನ ಬೂದು ಲೇಪ ಹೋಗಿ ಕೆಳಗಿನ ತಾಮ್ರ ಕಾಣುತ್ತಿತ್ತು. ಕ್ರ್ಯಾಂಕು ಹಿಂದೊಮ್ಮೆ ಹತ್ತು ಸೈಜ್ ಹೊಡೆಸಿದ್ದು. ಈಗ ಇಪ್ಪತ್ತು ಸೈಜಿಗೆ ಗ್ರೈಂಡಿಂಗ್ ಮಾಡಿಸಬೇಕು. ಹತ್ತು ಅಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು. ಗಾಡಿಯ ಉಳಿದ ಆಯುಷ್ಯವನ್ನು ಇಷ್ಟು ಸಣ್ಣ ಅಳತೆಯಲ್ಲಿ ಹೇಳಿಬಿಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮಿಸ್ತ್ರಿ ಇನ್ನೊಂದು ಕೆಲಸ ಮಾಡಿದರು. ಮಡ್‌ಗಾರ್ಡಿನ ಎರಡೂ ಬದಿಗೆ ತಮ್ಮ ಕೂರಿಸಿದ್ದ ಸ್ಪೀಕರುಗಳನ್ನು ತೋರಿಸಿ, “ಇವು ಇರೂ ತನಕಾ ನಾ ಇಂಜಿನ್ ಕಟ್ಟೂದಿಲ್ಲ” ಅಂದರು. ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಜಾನಪದ ಹಾಡಿನ ಅಬ್ಬರ ಎಷ್ಟೆಂಬುದು ಈ ಭಾಗದಲ್ಲಿ ರಾತ್ರಿ ಮಲಗಿದವರಿಗೆಲ್ಲ ಗೊತ್ತು. ಬೇರಿಂಗು ಸಡಿಲಾದರೆ ಇಂಜಿನ್ ಮೊದಲು ಮೆಲ್ಲಗೆ ಕಟಕಟ ಅನ್ನುತ್ತದೆ. ಆಗಲೇ ನಿಲ್ಲಿಸಿದರೆ ಖರ್ಚು ಸಣ್ಣದರಲ್ಲಿ ಮುಗಿಯುತ್ತದೆ. ಹಾಡು ಕೇಳುತ್ತಿರುವವನಿಗೆ ಆ ಕಟಕಟ ಕೇಳಿಸುವುದು ರಾಡು ಬ್ಲಾಕನ್ನು ಒಡೆದುಕೊಂಡು ಹೊರಗೆ ಬಂದಮೇಲೆ. ತಮ್ಮ ಮುಖ ಸಣ್ಣದು ಮಾಡಿದ. ಇಂಜಿನ್ನಿನ ಮಾತಿಗಿಂತ ಈ ಮಾತು ಅವನಿಗೆ ಹೆಚ್ಚು ನೋವು ಕೊಟ್ಟಿತು.

ಗುಜರಿಯ 241ರ ಇಂಜಿನ್ನಿನ ಬಗ್ಗೆಯೂ ಕೇಳಿದೆವು. ಒಂದೇ ಮನೆತನದ್ದು, ಕೂರಿಸಬಹುದು, ಕ್ಲಚ್ಚು ಮಾತ್ರ ನೋಡಿಕೊಳ್ಳಬೇಕು ಎಂದರು. ಅಷ್ಟು ಹೇಳಿ ಬೀಡಿ ಹಚ್ಚಿದವರು, “ಇಂಜಿನ್ ಕೂಡ್ಸೂದು ಎರಡ ದಿನದ ಕೆಲಸ ಐತ್ರಿ. ಅದು ಹಿಂದ ಏನೇನ ಮುರೀತೈತಿ, ಅದು ಆರ ತಿಂಗಳದ ಕೆಲಸ” ಎಂದರು. ಆರು ಎಚ್‌ಪಿಗೆ ಏನು ಮುರಿಯುತ್ತದೆ ಎಂದು ನನಗೆ ಮೊದಲು ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದಾಗ ತಿಳಿಯಿತು. ಗಾಲಿ ನಿಂತಲ್ಲೇ ತಿರುಗಿ ಜಾರುವುದು ನಮಗೆ ಪೀಡೆ ಅನ್ನಿಸುತ್ತದೆ. ಆದರೆ ಗೇರು, ಕ್ರೌನು, ಹಿಂದಿನ ಅಚ್ಚುಗಳ ಜೀವ ಉಳಿಸುವುದು ಆ ಜಾರುವಿಕೆಯೇ. ತಾಳಲಾರದ ಭಾರ ಬಂದಾಗ ಹಲ್ಲು ಮುರಿಯುವ ಮೊದಲು ಗಾಲಿ ಜಾರಿಬಿಡುತ್ತದೆ. ದೊಡ್ಡ ಇಂಜಿನ್ ಹಾಕಿದವನು ಸುಮ್ಮನಿರುವುದಿಲ್ಲ. ಗಾಲಿ ಜಾರುತ್ತದೆ ಅಂತ ಟೈರಿಗೆ ನೀರು ತುಂಬಿಸುತ್ತಾನೆ, ಹಿಂದಿನ ಗಾಲಿಗೆ ಬೀಡಿನ ಭಾರ ಹಾಕಿಸುತ್ತಾನೆ, ಮುಂದಿನದು ಏಳುತ್ತದೆ ಅಂತ ಮುಂದೆಯೂ ತೂಕ ನೇತುಹಾಕುತ್ತಾನೆ, ಎರಡನೇ ಡಬ್ಬಿ ಕಟ್ಟುತ್ತಾನೆ. ಜಾರುವ ದಾರಿ ಮುಚ್ಚಿದ ಮೇಲೆ ಇನ್ನೇನು ಉಳಿಯಿತು, ಮುರಿಯುವುದೊಂದೇ. ಅದೂ ಗ್ಯಾರೇಜಿನ ಮುಂದೆ ಮುರಿಯುವುದಿಲ್ಲ. ಏರಿನ ನಡುವೆ, ಹಿಂದೆ ಬಸ್ಸು ಇರುವಾಗ.

ಟರ್ಬೊ ಕಥೆಯೂ ಇದೇ. ಅದು ಹೆಚ್ಚು ಗಾಳಿ ತುರುಕುತ್ತದೆ, ಹೆಚ್ಚು ಡೀಸೆಲ್ ಉರಿಯುತ್ತದೆ, ಹೆಚ್ಚು ಕಾವು ಪಿಸ್ಟನ್ನಿನ ನೆತ್ತಿಗೆ ತಟ್ಟುತ್ತದೆ. ಕಾರ್ಖಾನೆಯಲ್ಲೇ ಟರ್ಬೊ ಸಮೇತ ಹುಟ್ಟಿದ ಇಂಜಿನ್ನುಗಳಿಗೆ ಸಾಮಾನ್ಯವಾಗಿ ಪಿಸ್ಟನ್ನಿನ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಏರ್ಪಾಡು ಇರುತ್ತದೆ, ಒತ್ತಡದ ಪ್ರಮಾಣವನ್ನೂ ಇಳಿಸಿರುತ್ತಾರೆ. ಹಳೆಯದಕ್ಕೆ ಆ ತಯಾರಿ ಇಲ್ಲ. ಪಂಪ್ ಏರಿಸುವುದರಲ್ಲಿ ಗಾಳಿಯೂ ಹೆಚ್ಚುವುದಿಲ್ಲ. ಸೈಲೆನ್ಸರಿನಿಂದ ಕರಿ ಹೊಗೆ ಉಗುಳಿದರೆ ಡ್ರೈವರಿಗೆ ಹುರುಪು ಬರುತ್ತದೆ, ಆದರೆ ಆ ಕರಿದೆಲ್ಲ ಅರೆಬೆಂದ ಡೀಸೆಲ್, ಲೀಟರಿನ ದುಡ್ಡು ಕೊಟ್ಟು ಕೊಂಡದ್ದು.

ಈ ಗಲಾಟೆಯ ನಡುವೆ ನನಗೆ ಗುರ್ಲಹೊಸೂರಿನ ನೆನಪಾಯಿತು. ಸವದತ್ತಿಯ ಮಗ್ಗುಲಿನ ಊರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಅಲ್ಲಿ, 1869ರಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಕಬ್ಬಿಣದ ನೇಗಿಲು ಮಾಡಲು ಹೊರಟರು. ಅವರ ಮನೆತನದ ಹೆಸರು ಮುಂದೆ ಪಂಪ್‌ಸೆಟ್ಟಿನ ಮೇಲೆ, ಡೀಸೆಲ್ ಇಂಜಿನ್ನಿನ ಮೇಲೆ ದೇಶದ ಹೊಲಹೊಲಕ್ಕೂ ಹೋಯಿತು. ಆದರೆ ಆ ಮೊದಲಿನ ನೇಗಿಲು ಮಾರಲು ಅವರು ಪಟ್ಟ ಪಾಡು ಕೇಳಬೇಕು: ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಹತ್ತಿರ ಬರಗೊಡಲಿಲ್ಲವಂತೆ. ಅದೇ ನೆಲದ ನಾವು ಈಗ ಕಬ್ಬಿಣ ಎಷ್ಟಿದ್ದರೂ ಸಾಲದು ಅನ್ನುತ್ತಿದ್ದೇವೆ. ನೂರು ಚಿಲ್ಲರೆ ವರ್ಷದಲ್ಲಿ ಭಯದಿಂದ ಹುಚ್ಚಿಗೆ ಬಂದಿದ್ದೇವೆ. ನಡುವೆ ಎಲ್ಲಾದರೂ ಒಂದು ಸ್ಟಾಪು ಇತ್ತೇನೋ, ಇಳಿಯಲಿಲ್ಲ.

ಏರಿನ ಮಾತು ಎಲ್ಲರೂ ಆಡುತ್ತಾರೆ. ಇಳಿಜಾರಿನ ಮಾತು ಚಹದಂಗಡಿಯಲ್ಲಿ ಒಬ್ಬನೂ ಎತ್ತಲಿಲ್ಲ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಮೂರೂ ಕಬ್ಬಿನ ಹಂಗಾಮಿನೊಳಗೇ ಬರುತ್ತವೆ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಈಗಲೂ ಹೋಗುತ್ತವೆ, ಅವಕ್ಕಿಂತ ಹೆಚ್ಚು ಟ್ರ್ಯಾಕ್ಟರುಗಳು ಹೋಗುತ್ತವೆ. ನಿನ್ನೆ ಕಬ್ಬು ಹೊತ್ತ ಡಬ್ಬಿಯನ್ನು ತೊಳೆದು, ಹುಲ್ಲು ಹಾಸಿ, ಮೇಲೆ ತಾಡಪತ್ರಿ ಕಟ್ಟಿ, ಅಜ್ಜಿಯರನ್ನೂ ಕೂಸುಗಳನ್ನೂ ಕೂರಿಸಿಕೊಂಡು ಉಧೋ ಉಧೋ ಎನ್ನುತ್ತ ಗುಡ್ಡ ಹತ್ತುವುದು. ಟ್ರೇಲರಿನಲ್ಲಿ ಮಂದಿ ಕೂರಿಸಬಾರದು ಎಂಬುದು ಕಾನೂನು; ಅವತ್ತಿನ ಮಟ್ಟಿಗೆ ಆ ಕಾನೂನನ್ನು ತಾಯಿಯ ಮೇಲೆ ಹಾಕಿಬಿಡುತ್ತಾರೆ. ಹತ್ತುವಾಗ ಇಂಜಿನ್ ಜೀವ ಬಿಡುತ್ತದೆ ಎಂದು ಗೊಣಗುತ್ತಾರೆ. ಇಳಿಯುವಾಗ ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಬಿಡುವವರನ್ನು ನಾನೇ ನೋಡಿದ್ದೇನೆ.

ಡಬ್ಬಿಗೆ ಬ್ರೇಕ್ ಇರುವುದು ಅಪರೂಪ. ಹಿಂದಿನ ಹತ್ತು-ಹನ್ನೆರಡು ಟನ್ನನ್ನು ತಡೆಯಬೇಕಾದದ್ದು ಎರಡು ಟನ್ನೂ ತೂಗದ ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿ. ಅದೇ ಇಪ್ಪತ್ತಕ್ಕೊಂದರ ಇಳಿಜಾರಿನಲ್ಲಿ 14 ಟನ್ನು ಕೆಳಕ್ಕೆ ಎಳೆಯುವುದು 700 ಕಿಲೋ. ಗಾಲಿ ಉರುಳಲು ಖರ್ಚಾಗುವ 280 ಕಳೆದರೂ 420 ಕಿಲೋ ಬೆನ್ನ ಹಿಂದಿನಿಂದ ಸತತ ನೂಕುತ್ತಿರುತ್ತದೆ. ಗೇರಿನಲ್ಲಿದ್ದರೆ ಇಂಜಿನ್ನು ತಾನೇ ಸ್ವಲ್ಪ ಹಿಡಿಯುತ್ತದೆ. ನ್ಯೂಟ್ರಲ್ ಬಿಟ್ಟವನಿಗೆ ಅದೂ ಇಲ್ಲ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲಲು ನೋಡುತ್ತದೆ, ಡಬ್ಬಿ ನಿಲ್ಲುವುದಿಲ್ಲ. ಹುಕ್ಕಿನ ಮೇಲೆ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸಿ ಮಗುಚುತ್ತದೆ. 36ರ ಬದಲು 50 ಎಚ್‌ಪಿ ಇದ್ದರೂ ಬ್ರೇಕು ಅದೇ ಹಳೆಯದು.

ಆ ಬ್ರೇಕನ್ನು ಅವತ್ತು ಬಗ್ಗಿ ನೋಡಿದೆ. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲು ಎರಡು, ಎಡ ಬದಿಯ ಗಾಲಿಗೊಂದು, ಬಲ ಬದಿಯ ಗಾಲಿಗೊಂದು. ಹೊಲದ ತುದಿಯಲ್ಲಿ ಗಿರಕಿ ಹೊಡೆಯಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸಲು ನಡುವೆ ಬೆರಳುದ್ದದ ಒಂದು ಕೊಂಡಿ ಇರುತ್ತದೆ. ನಮ್ಮದರಲ್ಲಿ ಆ ಕೊಂಡಿ ತೆರೆದ ಸ್ಥಿತಿಯಲ್ಲೇ ತುಕ್ಕು ಹಿಡಿದು ಪೆಡಲಿಗೆ ಅಂಟಿಕೊಂಡಿತ್ತು. ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಗ್ರೀಸು ಮೆತ್ತಿ, ಅಲ್ಲೊಂದು ಕೊಂಡಿ ಇದೆ ಎಂಬುದೇ ತಿಳಿಯದಂತಾಗಿತ್ತು. ಒಂದೇ ಪೆಡಲಿನ ಮೇಲೆ ಕಾಲು ಬಿದ್ದರೆ ಗಾಡಿ ಆ ಬದಿಗೆ ತಿರುಗಿಬಿಡುತ್ತದೆ. ಮಿಸ್ತ್ರಿಯ ಹುಡುಗ ಸೀಮೆಎಣ್ಣೆ ಹಚ್ಚಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅದನ್ನು ಬಿಡಿಸಿದ. ಬಿಲ್ಲಿನಲ್ಲಿ ಅದಕ್ಕೆ ದುಡ್ಡು ಹಾಕಲಿಲ್ಲ.

ಕಾಗದದ ಕೆಲಸವನ್ನು ಹೇಳದಿದ್ದರೆ ಈ ವಿಷಯ ಅರ್ಧವೇ. ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರಿನ ಜೊತೆ ಇಂಜಿನ್ ನಂಬರೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಇಂಜಿನ್ ಬದಲಿಸಿದರೆ ಆರ್‌ಟಿಓ ಕಚೇರಿಯ ಒಪ್ಪಿಗೆ ಬೇಕು, ಪುಸ್ತಕದಲ್ಲಿ ಹೊಸ ನಂಬರು ಏರಬೇಕು. ನಮಗೆ ದೂರವೇನಲ್ಲ, ಕೆಎ-24ರ ಕಚೇರಿ ಬೈಲಹೊಂಗಲದಲ್ಲೇ ಇದೆ. ತೊಡಕು ಬೇರೆ. ಗುಜರಿಯ ಇಂಜಿನ್ ಯಾವ ಗಾಡಿಯದು, ಆ ಗಾಡಿ ಏನಾಯಿತು, ಕಾಗದ ಎಲ್ಲಿ ಎಂದು ಕೇಳಿದರೆ ಮಾರುವವನು ಆಕಾಶ ನೋಡುತ್ತಾನೆ. ಏನಾದರೂ ಅನಾಹುತವಾಗಿ ವಿಮೆಯವರು ಬಂದಾಗ ಮೊದಲು ಬಗ್ಗಿ ಓದುವುದು ಆ ನಂಬರನ್ನೇ. ತಮ್ಮನನ್ನು 241ರಿಂದ ಹಿಂದಕ್ಕೆ ಎಳೆದದ್ದು ನನ್ನ ಲೆಕ್ಕವೂ ಅಲ್ಲ, ಮಿಸ್ತ್ರಿಯ ಬುದ್ಧಿಮಾತೂ ಅಲ್ಲ, ಈ ಕಾಗದದ ಭಯ.

ಕಡೆಗೆ ಹೀಗೆ ಮಾಡಿದೆವು. ಲೈನರ್, ಪಿಸ್ಟನ್, ರಿಂಗು ಹೊಸವು. ಕ್ರ್ಯಾಂಕು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ಇಪ್ಪತ್ತು ಸೈಜ್ ಆಗಿ ಬಂತು. ಪಂಪನ್ನು ಏರಿಸಲಿಲ್ಲ, ಕಂಪನಿಯ ಅಳತೆಗೆ ಕೂರಿಸಿದರು. ರೇಡಿಯೇಟರ್ ತೊಳೆಸಿ, ಮುಂದೆ ರವದಿ ತಡೆಯುವ ಸಣ್ಣ ಕಣ್ಣಿನ ಜಾಳಿಗೆ ಹಾಕಿಸಿದೆವು. ದಿನಾ ಸಂಜೆ ಝಾಡಿಸುವ ಕರಾರಿನ ಮೇಲೆ. ದೊಡ್ಡ ಇಂಜಿನ್ನಿಗೆ ಎತ್ತಿಟ್ಟ ದುಡ್ಡಿನಲ್ಲಿ ಉಳಿದದ್ದು ಹಿಂದಿನ ಎರಡು ಹೊಸ ಟೈರಿಗೆ, ಬ್ರೇಕ್ ಲೈನರಿಗೆ, ಡಬ್ಬಿಯ ಹುಕ್ಕಿನ ಪಿನ್ನಿಗೆ, ಪಿನ್ನಿನ ಜೊತೆ ಒಂದು ದಪ್ಪ ಸರಪಳಿಗೆ, ಡಬ್ಬಿಯ ಹಿಂದೆ ಅಂಟಿಸುವ ಕೆಂಪು ರಿಫ್ಲೆಕ್ಟರಿಗೆ ಹೋಯಿತು. ಕತ್ತಲಲ್ಲಿ ಹೆದ್ದಾರಿಯಲ್ಲಿ, ಕಿತ್ತೂರಿನ ಹತ್ತಿರ, ಬೆಳಕಿಲ್ಲದ ಕಬ್ಬಿನ ಡಬ್ಬಿಯ ಹಿಂದೆ ಕಾರಿನಲ್ಲಿ ಒಮ್ಮೆ ಬ್ರೇಕ್ ಒತ್ತಿದವರಿಗೆ ಆ ಕೆಂಪು ಪಟ್ಟಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇಂಜಿನ್ ಕಟ್ಟಿದ ಮೇಲೆ ಮೊದಲ ಕೆಲವು ದಿನ ಭಾರ ಹೇರಬಾರದು, ಅರ್ಧ ಡಬ್ಬಿಯಲ್ಲಿ ಓಡಿಸಬೇಕು, ಎಣ್ಣೆ ಬೇಗ ಬದಲಿಸಬೇಕು. ಇದು ಹಂಗಾಮಿನ ಬಾಯಲ್ಲಿ ನಿಂತವನಿಗೆ ಎಂಥ ಶಿಕ್ಷೆ! ಗ್ಯಾಂಗಿನವರು ತುಂಬಿಸಲು ನಿಂತಿದ್ದಾರೆ, ಇವನು ಅರ್ಧಕ್ಕೇ ಸಾಕು ಅನ್ನುತ್ತಿದ್ದಾನೆ. ಅವರಿಗೆ ಕೂಲಿ ಟನ್ನಿನ ಮೇಲೆ. ಗ್ಯಾಂಗಿನ ಮುಕಾದಮ ನನ್ನ ಹತ್ತಿರವೇ ತಕರಾರು ತಂದ: “ಮಾಸ್ತರ, ಇದು ಟ್ರ್ಯಾಕ್ಟರೋ ಬಾಣಂತಿಯೋ?”

ಆ ದಿನಗಳು ಕಳೆದವು. ಈಗ ಒಂದೇ ಡಬ್ಬಿ, ಹದವಾದ ಭಾರ, ಏರಿಗೆ ಎರಡನೇ ಗೇರು. ಇಳಿಜಾರಿಗೂ ಅದೇ ಗೇರು ಎಂದು ಮಿಸ್ತ್ರಿ ಹೇಳಿದ್ದಾರೆ, ನಾನೂ ಹೇಳುತ್ತೇನೆ, ಅವನು ತಲೆಯಾಡಿಸುತ್ತಾನೆ. ಸ್ಪೀಕರು ಮಡ್‌ಗಾರ್ಡಿನಿಂದ ಇಳಿದದ್ದು ನಿಜ; ಮನೆಯ ಅಟ್ಟಕ್ಕೆ ಹೋಗದೆ ಡಬ್ಬಿಯ ಮುಂಬದಿಗೆ ಹತ್ತಿಕೊಂಡಿವೆ. ಅಲ್ಲಿಂದ ಇಂಜಿನ್ನಿನ ಸಪ್ಪಳ ಕೇಳುತ್ತದೆ ಎಂಬುದು ಅವನ ವಾದ. ಎರಡನೇ ಡಬ್ಬಿಯನ್ನು ಇನ್ನೂ ಮರೆತಿಲ್ಲ. ಮೊನ್ನೆ ರಾಮದುರ್ಗದ ಕಡೆ ಯಾರೋ ಡಬ್ಬಿಗೂ ಬ್ರೇಕ್ ಹಾಕಿಸಿದ್ದಾರೆಂದು ಕೇಳಿ ಬಂದಿದ್ದಾನೆ. “ಬ್ರೇಕಿನ ಚಿಂತಿ ಹೋತಲ್ಲಣ್ಣಾ, ಇನ್ನ ಎರಡ ಡಬ್ಬಿ ಹಾಕಾಕ ಏನ ಅಡ್ಡಿ? ಲೆಕ್ಕಾ ಹಾಕು” ಎಂದು ಹೊಸ ವರ್ಷದ ಕ್ಯಾಲೆಂಡರನ್ನು ತಂದು ನನ್ನ ಮುಂದೆ ಮಗುಚಿ ಇಟ್ಟಿದ್ದಾನೆ.